ಹನಿ ಬಿದ್ದ ಜಾಗ, ಸೋರಿದ ಜಾಗ

ಜೀಪಿನ ಅಡಿಯಲ್ಲಿ ಹಾಸಿದ್ದ ರಟ್ಟಿನ ಮೇಲೆ ಬೆಳಗ್ಗೆ ಐದು ಕಲೆಗಳಿದ್ದವು. ನಡುವಿನದು ಅಂಗೈಯಷ್ಟು ಅಗಲ, ಕಪ್ಪು ಬಣ್ಣ. ಅದರ ಹಿಂದೆ ಕಂದು ಬಣ್ಣದ ಇನ್ನೊಂದು. ಮುಂಭಾಗದಲ್ಲಿ ಎರಡು. ಐದನೆಯದು ಎಡಬದಿಯ ಹಿಂಚಕ್ರದ ಒಳಮಗ್ಗುಲಲ್ಲಿ, ಹಳೆಯ ನಾಲ್ಕಾಣೆ ನಾಣ್ಯದಷ್ಟು ಮಾತ್ರ. ಒಂಬತ್ತನೇ ತರಗತಿಯಲ್ಲಿ ಓದುವ ಮೊಮ್ಮಗಳು ಐದನ್ನೂ ನೋಟುಪುಸ್ತಕದಲ್ಲಿ ಬಿಡಿಸಿ, ಬದಿಯಲ್ಲಿ ತಾರೀಕು ಹಾಕಿದಳು. ವರ್ಷಗಟ್ಟಲೆ ಆ ಜೀಪು ಅಂಗಳವನ್ನು ಕರಿದಾಗಿಸಿತ್ತು. ಎಲ್ಲೆಲ್ಲಿ ಸೋರುತ್ತಿದೆ ಎಂದು ಲೆಕ್ಕ ಹಿಡಿದದ್ದು ಅದೇ ಮೊದಲು.

ಕಾಸರಗೋಡಿನ ಪೂರ್ವಕ್ಕೆ, ಗುಡ್ಡಗಳ ಇಳಿಜಾರಿನಲ್ಲಿರುವ ಒಂದು ಅಡಿಕೆ ತೋಟದ ಮನೆ ಅದು. ಯಜಮಾನರು ಕನ್ನಡ ಶಾಲೆಯಿಂದ ನಿವೃತ್ತರಾದವರು, ಊರಿಗೆಲ್ಲ ಮಾಷ್ಟ್ರು. ಜೀಪು ಅವರ ತಂದೆಯವರು ಕೊಂಡದ್ದು. ಅದರ ಮುಖದಲ್ಲಿ ಒಂಬತ್ತು ಸೀಳುಗಳಿವೆ. ಚಾಲಕನ ಆಸನ ಎಡಕ್ಕಿದೆ. ಈ ಎರಡು ಗುರುತುಗಳೇ ಅದರ ಜಾತಕವನ್ನು ಹೇಳುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇನೆಗಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಸೇನಾ ಸಾಮಗ್ರಿ ವಿಲೇವಾರಿಯಾದಾಗ ಇಂಥ ವಾಹನಗಳು ಖಾಸಗಿಯವರ ಕೈಗೂ ಬಂದವು. ನಾಗರಿಕರಿಗೆಂದು ಆಮೇಲೆ ತಯಾರಾದ ವಿಲ್ಲೀಸ್ ಜೀಪುಗಳ ಮುಖದಲ್ಲಿ ಸೀಳುಗಳು ಏಳು. ಮುಂಬಯಿಯ ಮಹೀಂದ್ರ ಕಂಪೆನಿ ಹೊರತಂದ ಜೀಪುಗಳು ಆ ಎರಡನೆಯ ಸಂತತಿಯವು. ಮಲೆನಾಡಿನ ತೋಟದ ದಾರಿಗಳಲ್ಲಿ ಎರಡೂ ತಲೆಮಾರಿನವು ಓಡಿವೆ. ಹೊತ್ತ ಅಡಿಕೆ ಮೂಟೆ, ಕರಿಮೆಣಸು, ಬಾಣಂತಿ, ರೋಗಿ, ಮದುಮಕ್ಕಳಿಗೆ ಲೆಕ್ಕವಿಲ್ಲ.

ಈ ಜೀಪಿಗೆ ಈಗ ಕೆಲಸ ಸ್ವಲ್ಪ. ಮಳೆಗಾಲದಲ್ಲಿ ಮೊಮ್ಮಗಳನ್ನು ಕೆಳಗಿನ ಬಸ್ಸು ನಿಲ್ದಾಣದ ತನಕ ಇಳಿಸುವುದು, ಸಂಜೆ ಕರೆತರುವುದು. ನಡುವೆ ಎರಡು ತೀವ್ರ ತಿರುವುಗಳಿರುವ ಇಳಿಜಾರು. ಅಷ್ಟಕ್ಕೇ ವಾರಕ್ಕೊಮ್ಮೆ ಎಣ್ಣೆ ಸುರಿಯಬೇಕಾಗಿ ಬಂದಾಗ ಮನೆಯಲ್ಲಿ ಮಾತು ಬೆಳೆಯಿತು. ಪಟ್ಟಣದ ಒಂದು ಗ್ಯಾರೇಜಿನಲ್ಲಿ ಇಂಜಿನಿನ ಮುಂದಿನ ಆಯಿಲ್ ಸೀಲನ್ನು ಎರಡು ಸಲ ಬದಲಾಯಿಸಿದ್ದರು. ಎರಡು ಸಲವೂ ಹದಿನೈದು ದಿನದೊಳಗೆ ಸೋರಿಕೆ ಮರಳಿ ಬಂದಿತ್ತು. ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ಮಗ ಎರಡು ದಾರಿ ಹೇಳಿದ: ಗುಜರಿಗೆ ಕೊಟ್ಟುಬಿಡುವುದು, ಇಲ್ಲವೇ ಹಳೆಯ ಪೆಟ್ರೋಲ್ ಇಂಜಿನನ್ನು ಕಿತ್ತು ಡೀಸೆಲ್ ಇಂಜಿನ್ ಕೂರಿಸುವುದು. ಮಾಷ್ಟ್ರಿಗೆ ಎರಡೂ ಹಿಡಿಸಲಿಲ್ಲ, ಮೂರನೆಯದು ತೋಚಲಿಲ್ಲ. ಕೊನೆಗೆ, ಎಂದೋ ಕೆಲಸ ನಿಲ್ಲಿಸಿ ಮನೆಯಲ್ಲಿದ್ದ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಬಂದವರು ಸ್ಪ್ಯಾನರ್ ತೆಗೆಯಲಿಲ್ಲ. ಅಡಿಗೆ ಇಣುಕಿ ನೋಡಿ, "ಮಾಷ್ಟ್ರೇ, ಇದರಲ್ಲಿ ಈಗ ಎಂತದೂ ಕಾಣುವುದಿಲ್ಲ. ಮೊದಲು ತೊಳೆಯಬೇಕು" ಎಂದರು. ಎಣ್ಣೆಯೂ ಧೂಳೂ ಸೇರಿ ಬೆರಳು ದಪ್ಪದ ಮೇಣವಾಗಿತ್ತು. ಸೀಮೆಎಣ್ಣೆ ಸವರಿ, ಕೆರೆದು, ಒರೆಸಿ, ಒಣಗಿಸಲು ಒಂದು ಹಗಲು ಹಿಡಿಯಿತು. ಅನಂತರ ಜೀಪನ್ನು ಸಮತಟ್ಟಾದ ಜಾಗಕ್ಕೆ ತಂದು, ಅಡಿಯಲ್ಲಿ ರಟ್ಟು ಹಾಸಿ, ಇಂಜಿನಿನ ಕೆಳಮೈಗೆ ಸೀಮೆಸುಣ್ಣದ ಪುಡಿ ಉದುರಿಸಿದರು. ಶಿಕ್ಷಕರ ಮನೆಯಲ್ಲಿ ಸೀಮೆಸುಣ್ಣಕ್ಕೇನು ಬರ! ಬಿಳಿಯ ಪುಡಿಯ ಮೇಲೆ ಎಣ್ಣೆಯ ಗೆರೆ ಎಲ್ಲಿ ಮೊದಲು ಮೂಡುತ್ತದೋ ಅದೇ ಸೋರುವ ಜಾಗ. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಎಣ್ಣೆ ತಗ್ಗಿನ ಕಡೆಗೆ ಹರಿದು ಹೋಗಿ ಬೇರೆಲ್ಲೋ ತೊಟ್ಟಿಕ್ಕುತ್ತದೆ. ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹನಿ ಬೀಳುವ ಜಾಗವೂ ಎಣ್ಣೆ ಹೊರಬರುವ ಜಾಗವೂ ಒಂದೇ ಆಗಿರುವುದು ಅಪರೂಪ. ಈ ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುರಂಗದ ಬಾಯಿಯಲ್ಲಿ ಬರುವ ನೀರು ಆ ಬಾಯಿಯ ಮೇಲೆಯೇ ಸುರಿದ ಮಳೆಯದಲ್ಲ. ಗುಡ್ಡದ ಬೇರೆ ಬದಿಯಲ್ಲಿ ಇಂಗಿ, ಮುರಕಲ್ಲಿನ ಸಂದಿಯಲ್ಲಿ ಹಾದಿ ಹುಡುಕಿಕೊಂಡು ಬಂದದ್ದು.

ಹೀಗೆ ಮೂಡಿದವು ಆ ಐದು ಕಲೆಗಳು. ಮೇಸ್ತ್ರಿ ಮೊಮ್ಮಗಳಿಗೆ ಅವನ್ನು ಓದಲು ಕಲಿಸಿದರು. ಇಂಜಿನಿನ ಎಣ್ಣೆ ಕಪ್ಪು, ತೆಳು. ಗೇರಿನ ಎಣ್ಣೆ ಕಂದು, ಅಂಟು, ಮೂಗಿಗೆ ಗಂಧಕದ ಘಾಟು. ನಡುವಿನ ದೊಡ್ಡ ಕಲೆ ಬಿದ್ದದ್ದು ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ, ಕ್ಲಚ್ಚಿನ ಹೌಸಿಂಗಿನ ಅಡಿಯಲ್ಲಿರುವ ತೂತಿನಿಂದ. ಆ ತೂತಿನಿಂದ ಇಂಜಿನಿನ ಎಣ್ಣೆಯೂ ಬರಬಹುದು, ಗೇರ್‌ಬಾಕ್ಸಿನ ಎಣ್ಣೆಯೂ ಬರಬಹುದು. ಬೆರಳಲ್ಲಿ ತೀಡಿ ಮೂಸಿದರೆ ಮಾತ್ರ ಗೊತ್ತಾಗುವುದು. ಇಲ್ಲಿ ಬಂದದ್ದು ಇಂಜಿನಿನದು. ಅದರ ಹಿಂದಿನ ಕಂದು ಕಲೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನದು. ಮುಂದಿನ ಎರಡರಲ್ಲಿ ಒಂದು ಕ್ರ್ಯಾಂಕಿನ ಮುಂತುದಿಯದು, ಮತ್ತೊಂದು ಬಲ ಮುಂಚಕ್ರ ತಿರುಗುವ ಉಕ್ಕಿನ ಗುಂಡಿನದು. ಐದನೆಯದರ ಬಗ್ಗೆ ಮೇಸ್ತ್ರಿ ಆಗ ಏನೂ ಹೇಳಲಿಲ್ಲ. ರಟ್ಟಿನ ಮೇಲೆ ಅದಕ್ಕೊಂದು ಸುತ್ತು ಹಾಕಿ ಇಟ್ಟರು.

ಅವರು ಮೊದಲು ಎತ್ತಿದ್ದು ಎಣ್ಣೆ ಅಳೆಯುವ ಕಡ್ಡಿಯನ್ನು. ಗುರುತಿಗಿಂತ ಮೇಲೆ ಎಣ್ಣೆ ನಿಂತಿತ್ತು. ಸೋರುತ್ತದೆಂಬ ಭಯದಿಂದ ಮನೆಯವರು ಅಳೆಯದೆ ಸುರಿಯುತ್ತಲೇ ಇದ್ದರು. ಈ ಇಂಜಿನಿಗೆ ಬೇಕಾದ ಎಣ್ಣೆ ಸುಮಾರು ನಾಲ್ಕು ಲೀಟರು. ಅದಕ್ಕಿಂತ ಹೆಚ್ಚಾದರೆ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆಯಂತೆ ಕಡೆಯುತ್ತದೆ, ನೊರೆ ಏಳುತ್ತದೆ, ಸಂದಿ ಸಿಕ್ಕಲ್ಲೆಲ್ಲ ಹೊರಬರುತ್ತದೆ. ಸೋರಿಕೆಗೆ ಹೆದರಿ ಮಾಡಿದ ಉಪಾಯವೇ ಸೋರಿಕೆಯನ್ನು ಹೆಚ್ಚಿಸಿತ್ತು.

ಎರಡನೆಯ ಪರೀಕ್ಷೆಗೆ ಬೇಕಾದದ್ದು ಒಂದು ತುಂಡು ತೆಳು ಕಾಗದ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ತೆಗೆದು ಕಾಗದವನ್ನು ಅದರ ಮೇಲೆ ಹಿಡಿದರು. ಆರೋಗ್ಯವಂತ ಇಂಜಿನ್ ಕಾಗದವನ್ನು ಮೆಲ್ಲಗೆ ಒಳಗೆ ಎಳೆಯುತ್ತದೆ. ಇಲ್ಲಿ ಕಾಗದ ಮೇಲಕ್ಕೆ ಹಾರಿತು. ಬಾಯಿಯಿಂದ ಹೊಗೆ ಎದ್ದಿತು.

ಪಿಸ್ಟನ್ನಿನ ಸುತ್ತಲಿನ ಉಂಗುರಗಳು ಎಷ್ಟೇ ಬಿಗಿಯಿರಲಿ, ಉರಿದ ಅನಿಲ ಸ್ವಲ್ಪ ಅವನ್ನು ದಾಟಿ ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಅದು ಹೊರಹೋಗಲು ಈ ಇಂಜಿನಿಗೆ ಒಂದು ದಾರಿಯಿದೆ: ಪಕ್ಕದಿಂದ ಹೊರಟ ಕೊಳವೆಯೊಂದು ಗಾಳಿ-ಪೆಟ್ರೋಲು ಒಳಬರುವ ಮ್ಯಾನಿಫೋಲ್ಡಿಗೆ ಸೇರುತ್ತದೆ, ನಡುವೆ ಹೆಬ್ಬೆರಳಿನಷ್ಟು ದೊಡ್ಡ ವಾಲ್ವ್ ಇದೆ. ಮ್ಯಾನಿಫೋಲ್ಡ್ ಆ ಅನಿಲವನ್ನು ಎಳೆದು ಮರಳಿ ಸುಡುತ್ತದೆ. ವಾಲ್ವ್ ಮಸಿಯಿಂದ ಕಟ್ಟಿಕೊಂಡರೆ ಅನಿಲ ಒಳಗೇ ಉಳಿದು ಒತ್ತಡ ಏರುತ್ತದೆ. ಒತ್ತಡಕ್ಕೆ ದಾರಿ ಬೇಕು. ದುರ್ಬಲವಾದ ಸೀಲು ಎಲ್ಲಿದೆಯೋ ಅಲ್ಲಿ ಎಣ್ಣೆಯನ್ನು ತಳ್ಳಿಕೊಂಡು ಹೊರಡುತ್ತದೆ. ಅಲ್ಲಿ ಹೊಸ ಸೀಲು ಹಾಕಿದರೆ ಅದನ್ನೂ ಮೀರುತ್ತದೆ, ಇಲ್ಲವೇ ಮತ್ತೊಂದನ್ನು ಹುಡುಕುತ್ತದೆ. ಗ್ಯಾರೇಜಿನಲ್ಲಿ ಎರಡು ಸಲ ಹಾಕಿದ ಸೀಲು ಕೆಟ್ಟದ್ದಾಗಿರಲಿಲ್ಲ, ಹಾಕಿದವರ ಕೈಯೂ ಕೆಟ್ಟದ್ದಾಗಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು. ಶಿಕ್ಷೆ ಮಾತ್ರ ಸೀಲಿಗೆ ಆಗುತ್ತಿತ್ತು.

"ಒತ್ತಡ ನಾಲ್ಕೂ ಕಡೆಗೆ ಒಂದೇ ಹಾಗೆ ಇರುತ್ತದೆ ಅಂತ ನಮ್ಮ ಪಾಠದಲ್ಲಿ ಉಂಟು" ಎಂದಳು ಮೊಮ್ಮಗಳು.

"ಪಾಠದಲ್ಲಿ ಇರುವುದೇ ಇಲ್ಲಿಯೂ ಇರುವುದು ಮಗಳೇ. ಬಾಗಿಲು ಯಾವುದು ಸಡಿಲವೋ ಅದನ್ನು ದೂಡುತ್ತದೆ, ಅಷ್ಟೇ" ಎಂದರು ಮೇಸ್ತ್ರಿ.

ವಾಲ್ವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಯಿಸಿ ಮಸಿ ತೆಗೆದರು. ಕೊಳವೆಯಲ್ಲಿ ತಂತಿ ತೂರಿಸಿ ಶುಚಿ ಮಾಡಿದರು. ಎಣ್ಣೆಯನ್ನು ಗುರುತಿನ ಮಟ್ಟಕ್ಕೆ ಇಳಿಸಿದರು. ಹೊಸ ರಟ್ಟು ಹಾಸಿ ಎರಡು ದಿನ ಕಾದರು. ಮುಂದಿನ ಕಪ್ಪು ಕಲೆ ಮೂಡಲಿಲ್ಲ. ನಡುವಿನ ಅಂಗೈಯಷ್ಟು ಕಲೆ ರೂಪಾಯಿಯಷ್ಟಾಯಿತು. ಅಷ್ಟರವರೆಗೆ ಕೈಯಿಂದ ಹೋದದ್ದು ಸೀಮೆಎಣ್ಣೆಯ ಖರ್ಚು ಮಾತ್ರ.

ಉಳಿದ ಆ ರೂಪಾಯಿಯಷ್ಟು ಕಲೆಯ ಮೂಲ ಕ್ರ್ಯಾಂಕಿನ ಹಿಂತುದಿ. ಮೂಲ ವಿನ್ಯಾಸದಲ್ಲಿ ಅಲ್ಲಿರುವುದು ನೆಯ್ದ ಹಗ್ಗದ ಪ್ಯಾಕಿಂಗ್. ಅರ್ಧ ಮೇಲೆ, ಅರ್ಧ ಕೆಳಗೆ. ಕ್ರ್ಯಾಂಕನ್ನು ಹೊರತೆಗೆಯದೆ ಮೇಲಿನ ಅರ್ಧವನ್ನು ಚೆನ್ನಾಗಿ ಕೂರಿಸುವುದು ಕಷ್ಟ. ಬೇರಿಂಗ್ ಕ್ಯಾಪಿನ ಎರಡು ಬದಿಗಳಲ್ಲಿ ಸಣ್ಣ ರಬ್ಬರ್ ಪ್ಯಾಕಿಂಗುಗಳಿವೆ. ಅವು ಸ್ವಲ್ಪ ಹೊರಚಾಚಿರಬೇಕು, ಚೇಂಬರ್ ಬಿಗಿಯುವಾಗ ಒತ್ತಿಕೊಂಡು ಸಂದಿ ಮುಚ್ಚಬೇಕು. ಅಂದಕ್ಕಾಗಿ ಅವನ್ನು ಕತ್ತರಿಸಿ ಸಮ ಮಾಡಿದವರ ಇಂಜಿನ್ ಅಲ್ಲಿಂದಲೇ ಸೋರುತ್ತದೆ. ಈಗ ಹಗ್ಗದ ಬದಲು ತುಟಿಯಿರುವ ರಬ್ಬರ್ ಸೀಲೂ ಸಿಗುತ್ತದೆ. ಅದರ ತುಟಿ ಎಣ್ಣೆಯ ಕಡೆಗೆ, ಅಂದರೆ ಇಂಜಿನಿನ ಮುಂದಕ್ಕೆ ಮುಖ ಮಾಡಿರಬೇಕು. ಇಷ್ಟೆಲ್ಲ ವಿವರಿಸಿದ ಮೇಸ್ತ್ರಿ ಆ ಕೆಲಸಕ್ಕೆ ಕೈ ಹಾಕಲಿಲ್ಲ. ಕ್ಲಚ್ ಜಾರುತ್ತಿಲ್ಲ, ಎಣ್ಣೆಯ ಮಟ್ಟ ಇಳಿಯುತ್ತಿಲ್ಲ; ಇಂಜಿನನ್ನು ಬೇರೆ ಕಾರಣಕ್ಕೆ ಬಿಚ್ಚುವ ದಿನ ಅದನ್ನೂ ಮಾಡಬಹುದು. ಅಲ್ಲಿಯ ತನಕ ಕಲೆ ಬೆಳೆಯುತ್ತದೋ ಎಂದು ನೋಡುತ್ತಿದ್ದರೆ ಸಾಕು. ಚೇಂಬರಿನ ಬೋಲ್ಟುಗಳನ್ನು ಇನ್ನಷ್ಟು ಬಿಗಿಯಲು ಹೊರಟ ಮಾಷ್ಟ್ರನ್ನೂ ತಡೆದರು: ಕಾರ್ಕಿನ ಪ್ಯಾಕಿಂಗ್ ಅತಿಯಾಗಿ ಬಿಗಿದರೆ ಹಿಂಡಿ ಸೀಳುತ್ತದೆ, ತಗಡಿನ ಅಂಚು ಬೋಲ್ಟಿನ ಸುತ್ತ ಬಾಗುತ್ತದೆ. ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿಯುವುದೂ ಅಪಾಯ. ಒಳಗೆ ಉಕ್ಕಿದ ತುಣುಕುಗಳು ಕಳಚಿ ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿದರೆ ಸೋರಿಕೆ ನಿಲ್ಲುವ ಮೊದಲು ಇಂಜಿನೇ ನಿಲ್ಲುತ್ತದೆ.

ಟ್ರಾನ್ಸ್‌ಫರ್ ಕೇಸಿನಲ್ಲಿ ಸೀಲು ನಿಜವಾಗಿಯೇ ಸವೆದಿತ್ತು. ಸೀಲು ಕೂರುವ ಉಕ್ಕಿನ ಯೋಕಿನ ಮೇಲೆ ಉಗುರಿಗೆ ತಗಲುವಷ್ಟು ಗೆರೆ ಬಿದ್ದಿತ್ತು. ಮೆತ್ತನೆಯ ಸೀಲು ಗಟ್ಟಿ ಉಕ್ಕನ್ನು ಕೊರೆಯುವುದೆಂದರೆ ಸೋಜಿಗ. ಸೀಲಿಗೆ ಅಂಟಿದ ಧೂಳು ಉಪ್ಪುಕಾಗದದಂತೆ ವರ್ಷಗಟ್ಟಲೆ ಉಜ್ಜಿದ್ದರ ಫಲ ಅದು. ಹೊಸ ಸೀಲಿನ ತುಟಿ ಅದೇ ಗೆರೆಯಲ್ಲಿ ಕುಳಿತರೆ ಎಣ್ಣೆ ಅದೇ ಹಾದಿಯಲ್ಲಿ ಬರುತ್ತದೆ. ಆದ್ದರಿಂದ ಯೋಕಿಗೆ ತೆಳುವಾದ ಉಕ್ಕಿನ ತೋಳು ತೊಡಿಸಿ ಸೀಲು ಕೂರಿಸಿದರು. ಮುಂಚಕ್ರದ ಗುಂಡಿನ ಹೊರಗಿನ ಫೆಲ್ಟ್ ಹೊಸದಾಯಿತು. ಆಕ್ಸಲಿನ ಒಳಗಿನ ಸೀಲು ಹೋಗಿದ್ದರೆ ಹೊರಗಿನ ಫೆಲ್ಟ್ ಎಷ್ಟು ಬದಲಾಯಿಸಿದರೂ ನಿಲ್ಲದು ಎಂದು ಒಳಗನ್ನೂ ನೋಡಿದರು. ಅದು ಸರಿಯಿತ್ತು.

ಎಲ್ಲರಿಗೂ ಕೆಲಸ ಮುಗಿಯಿತು ಎನ್ನಿಸಿದಾಗ ಮೇಸ್ತ್ರಿ ಐದನೆಯ ಕಲೆಗೆ ಬಂದರು. ಎಡ ಹಿಂಚಕ್ರವನ್ನು ಬಿಚ್ಚಬೇಕೆಂದರು. ರಜೆಗೆ ಬಂದಿದ್ದ ಮಗ ಸ್ಪ್ಯಾನರ್ ಹಿಡಿದು ಎಷ್ಟು ಬಲ ಹಾಕಿದರೂ ನಟ್ಟು ಕದಲಲಿಲ್ಲ. ಈ ಜೀಪಿನ ಎಡಬದಿಯ ಚಕ್ರಗಳ ನಟ್ಟಿನ ಸುತ್ತು ವಿರುದ್ಧ ದಿಕ್ಕಿನದು. ಅವನು ಬಿಚ್ಚುತ್ತೇನೆಂದು ಬಿಗಿಯುತ್ತಿದ್ದ. ಚಕ್ರ ತೆಗೆದು ಡ್ರಮ್ ಎಳೆದಾಗ ಒಳಗೆ ಕಂಡದ್ದು ಎಣ್ಣೆಯಲ್ಲಿ ಮಿಂದ ಬ್ರೇಕ್ ಶೂ. ಲೈನರ್ ಕರಿ ಚರ್ಮದಂತೆ ಹೊಳೆಯುತ್ತಿತ್ತು.

ಹಿಂದಿನ ಆಕ್ಸಲಿನ ಗೇರ್ ಎಣ್ಣೆ ಕೊಳವೆಯ ಉದ್ದಕ್ಕೂ ಹರಿದು, ಹಬ್ಬಿನ ಒಳಸೀಲನ್ನು ದಾಟಿ ಡ್ರಮ್ಮಿನೊಳಗೆ ಇಳಿಯುತ್ತಿತ್ತು. ಅದರ ಬಹುಪಾಲನ್ನು ಲೈನರ್ ಹೀರಿಕೊಂಡಿತ್ತು; ಉಳಿದ ಹನಿ ಮಾತ್ರ ರಟ್ಟಿನ ಮೇಲೆ ಬಿದ್ದಿತ್ತು. ಕಲೆ ಅಷ್ಟು ಚಿಕ್ಕದಾಗಿದ್ದುದು ಆ ಕಾರಣಕ್ಕೆ. ದೊಡ್ಡ ಕಲೆಗಳು ಅಂಗಳವನ್ನು ಕೆಡಿಸುತ್ತಿದ್ದವು. ಇದು ಇಳಿಜಾರಿನ ತಿರುವಿನಲ್ಲಿ ಒಂದು ಚಕ್ರದ ಹಿಡಿತವನ್ನೇ ಕಸಿಯಬಲ್ಲದು. ಬ್ರೇಕ್ ಒತ್ತಿದಾಗ ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ ಎಂದು ಮಾಷ್ಟ್ರಿಗೆ ಗೊತ್ತಿತ್ತು. ರಸ್ತೆಯ ದೋಷ ಎಂದುಕೊಂಡಿದ್ದರು. ಅವರು ಏನೂ ಮಾತನಾಡದೆ ಜಗಲಿಯಲ್ಲಿ ಕುಳಿತರು. ಎರಡು ಮಳೆಗಾಲ ಅದೇ ಗಾಡಿಯಲ್ಲಿ ಮೊಮ್ಮಗಳನ್ನು ಇಳಿಸಿದ್ದರು.

ಇಲ್ಲಿಯೂ ಮೇಸ್ತ್ರಿ ಸೀಲಿಗಿಂತ ಮೊದಲು ನೋಡಿದ್ದು ಆಕ್ಸಲಿನ ಉಸಿರುರಂಧ್ರವನ್ನು. ಕೆಸರು ಒಣಗಿ ಅದು ಮುಚ್ಚಿತ್ತು. ಓಡುವಾಗ ಆಕ್ಸಲ್ ಬಿಸಿಯೇರಿ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ರಂಧ್ರವಿಲ್ಲದಾಗ ಎಣ್ಣೆಯನ್ನು ಚಕ್ರದ ಕಡೆಗೆ ದೂಡುತ್ತದೆ. ರಂಧ್ರ ಬಿಡಿಸಿ, ಹಬ್ಬಿನ ಸೀಲು ಬದಲಾಯಿಸಿ, ಎರಡೂ ಹಿಂಚಕ್ರಗಳಿಗೆ ಹೊಸ ಲೈನರ್ ಹಾಕಿದರು. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಕಾಯಿಸಿ ಮತ್ತೆ ಹಾಕುವ ರೂಢಿ ಹಲವೆಡೆ ಇದೆ. ಅದು ಸಲ್ಲದು, ಒಳಗೆ ಉಳಿದ ಎಣ್ಣೆ ಬಿಸಿಯಾದಾಗ ಮೇಲೆ ಬರುತ್ತದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದ ಊದುವುದಾಗಲಿ ಗಾಳಿ ಪಂಪಿನಿಂದ ಹಾರಿಸುವುದಾಗಲಿ ಕೂಡದು; ಒದ್ದೆ ಬಟ್ಟೆಯಿಂದ ಒರೆಸಬೇಕು.

ಇನ್ನು ಇಂಜಿನ್ ಬದಲಾಯಿಸುವ ಮಾತು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ತನ್ನಿಷ್ಟದಂತೆ ಮಾರ್ಪಡಿಸುವಂತಿಲ್ಲ. ಗುಜರಿಯಿಂದ ತಂದ ಡೀಸೆಲ್ ಇಂಜಿನನ್ನು ಕೂರಿಸಿ ಸುಮ್ಮನಿದ್ದರೆ, ಅಪಘಾತವಾದ ದಿನ ವಿಮೆಯ ಹಕ್ಕಿಗೂ ಅದು ತೊಡಕಾಗಬಹುದು. ಇನ್ನೊಂದು ವಿಷಯ: 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿಯ ಅವಕಾಶ ಕೊಟ್ಟಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಆದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಹೊರಮೈ, ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇಂಜಿನ್ ಕಿತ್ತ ದಿನವೇ ಆ ಬಾಗಿಲು ಮುಚ್ಚಿದಂತೆ. ಹಾಗೆಂದು ಅವಸರದಿಂದ ಅರ್ಜಿ ಹಾಕುವುದೂ ಬೇಡ: ವಿಂಟೇಜ್ ನೋಂದಣಿಯ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವಕ್ಕೆ ಬಿಟ್ಟರೆ ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಮಕ್ಕಳನ್ನು ಬಸ್ಸಿಗೆ ಬಿಡಲು ಜೀಪು ಬೇಕೆನ್ನುವ ಮನೆಗೆ ಸಾಮಾನ್ಯ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುವುದೇ ಯೋಗ್ಯ.

ತೆಗೆದ ಹಳೆಯ ಎಣ್ಣೆಯ ಪ್ರಶ್ನೆಯೂ ಬಂತು. ತೋಟದ ಬೇಲಿಗೂಟಕ್ಕೆ ಬಳಿಯುವುದು, ಗೆದ್ದಲಿಗೆ ಸುರಿಯುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು. ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಮರುಬಳಕೆಗೆ ಕಳಿಸುವ ಅಧಿಕೃತ ಸಂಗ್ರಹಕಾರರಿಗೆ ತಲಪಿಸಬೇಕು. ನಿಯಮವಿಲ್ಲದಿದ್ದರೂ ಕಾರಣ ಮನೆಯ ಹಿಂದೆಯೇ ಇತ್ತು: ಗುಡ್ಡದ ಮೇಲೆ ಸುರಿದದ್ದು ಒಂದಲ್ಲ ಒಂದು ದಿನ ಸುರಂಗದ ನೀರಿಗೆ ಇಳಿಯುತ್ತದೆ.

ಮೇಸ್ತ್ರಿ ಹೊರಡುವ ದಿನ ರಟ್ಟಿನ ಮೇಲೆ ಎರಡೇ ಕಲೆಗಳಿದ್ದವು: ನಡುವಿನ ರೂಪಾಯಿಯಷ್ಟು ದೊಡ್ಡದು, ಮುಂಚಕ್ರದ ಫೆಲ್ಟಿನಿಂದ ಮೂಡಿದ ಸಾಸಿವೆಯಷ್ಟು ಸಣ್ಣದು. ಎಂಬತ್ತು ವರ್ಷದ ಗಾಡಿ ಪೂರ್ತಿ ಒಣಗಿ ನಿಂತರೆ ಎಣ್ಣೆ ಖಾಲಿಯಾಗಿದೆಯೋ ಎಂದು ನೋಡಬೇಕು ಎಂದು ನಕ್ಕರು. ತಿಂಗಳಿಗೊಮ್ಮೆ ರಟ್ಟು ಹಾಸುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿದರು. ಅವಳು ನೋಟುಪುಸ್ತಕದಲ್ಲಿ ಹೊಸ ಪುಟ ತೆರೆದು ಎರಡು ಕಲೆಗಳನ್ನು ಬಿಡಿಸಿದಳು. ಎಡ ಹಿಂಚಕ್ರದ ಜಾಗದಲ್ಲಿ ಏನೂ ಇರಲಿಲ್ಲ; ಆದರೂ ಅಲ್ಲೊಂದು ಸುತ್ತು ಹಾಕಿ, ಒಳಗೆ "ಒಣಗಿದೆ" ಎಂದು ಬರೆದಳು. ಮಾಷ್ಟ್ರು ಆ ಪುಟಕ್ಕೆ ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದರು.